ಮುರುಗಲು ಮುಟ್ಟದ ಬಸುರಿ

ಮೊನ್ನೆ ಮಗಳು ಶಿವಮೊಗ್ಗದಿಂದ ಬರುವಾಗ ಒಂದು ಪ್ಯಾಕೆಟ್ ತಂದಳು. ಹೊಳೆಯುವ ಕಾಗದ, ಮೇಲೆ ಕೆಂಪು ಹಣ್ಣಿನ ಚಿತ್ರ, ದಪ್ಪ ಅಕ್ಷರದಲ್ಲಿ ‘ಕೋಕಂ’ ಅಂತ ಹೆಸರು. ಕುಡಿದರೆ ಏನೇನಾಗುತ್ತದೆ ಅಂತ ಕೆಳಗೆ ಸಾಲುಸಾಲಾಗಿ ಬರೆದಿದ್ದರು. ಪಿತ್ತ ಶಮನವಂತೆ, ತೂಕ ಇಳಿಯುತ್ತದಂತೆ, ಮುಖಕ್ಕೆ ಕಾಂತಿಯಂತೆ, ಮನಸ್ಸಿಗೆ ಉಲ್ಲಾಸವಂತೆ. ಇಷ್ಟನ್ನೂ ಒಂದು ಹಣ್ಣೇ ಮಾಡಿ ಮುಗಿಸಿದರೆ ನಮಗೆ ಇನ್ನೇನು ಕೆಲಸ ಉಳಿಯಿತು ಮಾರಾಯ್ರೆ!

“ಅಮ್ಮಾ, ಇದು ತಂಪಾ ಉಷ್ಣನಾ? ದಿನಾ ಕುಡಿಬಹುದಾ?” ಅಂತ ಮಗಳು ಕೇಳಿದಳು. ಅವಳಿಗೆ ಆ್ಯಸಿಡಿಟಿ. ಕೇಳಬಾರದವಳನ್ನು ಕೇಳಿದ್ದಳು. ಈ ಹಣ್ಣಿಗೆ ನನ್ನ ತವರಿನಲ್ಲಿ ಪುನರ್ಪುಳಿ ಅಂತ ಹೆಸರು, ಗಂಡನ ಮನೆಯಲ್ಲಿ ಮುರುಗಲು. ಪುನರ್ಪುಳಿ ಅಮೃತ, ಮುರುಗಲು ವಿಷ. ಎರಡೂ ಒಂದೇ ಅಂತ ನನಗೆ ಗೊತ್ತಾಗಿದ್ದು ಒಂದು ಸೀರೆ ಹಾಳಾದ ಮೇಲೆ, ಇದೇ ಮಗಳು ಹೊಟ್ಟೆಯಲ್ಲಿದ್ದಾಗ. ಈಗ ಮೂರನೇ ಹೆಸರು ಹಿಡಿದುಕೊಂಡು ಬಂದಿದ್ದಾಳೆ.

ಹಣ್ಣುಗಳ ವಿಷಯದಲ್ಲಿ ನಾನು ಹುಟ್ಟಿನಿಂದಲೇ ಗೊಂದಲದವಳು. ನಮ್ಮ ಮನೆ ತೀರ್ಥಹಳ್ಳಿಯಿಂದ ಮೇಳಿಗೆಗೆ ಹೋಗುವ ದಾರಿಯಲ್ಲಿ. ಅಲ್ಲಿ ಯಾವ ಹಣ್ಣನ್ನೂ ಬರೀ ಹಣ್ಣು ಅಂತ ತಿಂದು ಗೊತ್ತಿಲ್ಲ. ಒಂದೊಂದಕ್ಕೂ ಒಂದೊಂದು ಗುಣ, ಒಂದೊಂದು ಹೊತ್ತು. ಹಸಿದು ಹಲಸು, ಉಂಡು ಮಾವು. ಇದನ್ನು ತಿರುಗಿಸಿ ತಿಂದರೆ ಏನಾಗುತ್ತದೆ ಅಂತ ಯಾರನ್ನು ಕೇಳಿದರೂ “ಆಗ್ತದೆ” ಅನ್ನುತ್ತಿದ್ದರೇ ಹೊರತು ಏನು ಅಂತ ಬಾಯಿ ಬಿಡುತ್ತಿರಲಿಲ್ಲ. ವರ್ಷಕ್ಕೊಮ್ಮೆ ನೇರಳೆ ತಿಂದರೆ ಹೊಟ್ಟೆಗೆ ಹೋದ ಕೂದಲು ಕರಗುತ್ತದೆ ಅಂತ ಅಮ್ಮ ಹೇಳಿದ್ದಳು. ನಾನು ನನ್ನ ಜಡೆಯಿಂದಲೇ ಒಂದು ಕೂದಲು ಕಿತ್ತು, ಬಟ್ಟಲಲ್ಲಿ ನೇರಳೆ ಹಿಂಡಿ ಅದರಲ್ಲಿ ಹಾಕಿಟ್ಟು ಬೆಳಿಗ್ಗೆ ನೋಡಿದೆ. ಕೂದಲು ಇನ್ನೂ ಕಪ್ಪಾಗಿ ಹೊಳೆಯುತ್ತಿತ್ತು. “ಬಟ್ಟಲಲ್ಲಿ ಎಲ್ಲಾದ್ರೂ ಕರಗ್ತದಾ? ಹೊಟ್ಟೆಯಲ್ಲೇ ಕರಗಬೇಕು,” ಅಂದಳು ಅಮ್ಮ. ಇದಕ್ಕೇನು ಹೇಳುತ್ತೀರಿ? ಹುಂಚದ ಕಡೆಯ ಜೈನರ ಹುಡುಗಿಯೊಬ್ಬಳು ನನ್ನ ಗೆಳತಿ. ಅವಳು ಅತ್ತಿಹಣ್ಣು ಕಂಡರೆ ಮಾರು ದೂರ ನಿಲ್ಲುತ್ತಿದ್ದಳು. ಅದರೊಳಗೆಲ್ಲ ಜೀವ ಇದೆ ಅಂತ. ಅದೇ ಅತ್ತಿಹಣ್ಣನ್ನು ನಮ್ಮಜ್ಜ ಮೈ ತಂಪಾಗುತ್ತದೆ ಅಂತ ಆರಿಸಿ ತಿನ್ನುತ್ತಿದ್ದರು. ಒಂದೇ ಬೆಂಚಿನ ಮೇಲೆ ಕೂತು ನಾವಿಬ್ಬರೂ ಬೇರೆ ಬೇರೆ ಕಾರಣಕ್ಕೆ ಬೇರೆ ಬೇರೆ ಹಣ್ಣಿಗೆ ಹೆದರುತ್ತಿದ್ದೆವು.

ಅಮ್ಮ ಘಟ್ಟದ ಕೆಳಗಿನವಳು. ಅವಳ ಎಲ್ಲ ನಂಬಿಕೆಯೂ ಪುನರ್ಪುಳಿಯಲ್ಲಿ. ಪಿತ್ತಗಂಧೆ ಎದ್ದು ಮೈ ತುರಿಸಿದರೆ ಕಂಬಳಿಯಿಂದ ತಿಕ್ಕಿ ಪುನರ್ಪುಳಿ ನೀರು ಹಚ್ಚುವುದು, ಬಿಸಿಲಿಗೆ ತಲೆ ತಿರುಗಿದರೆ ಪುನರ್ಪುಳಿ ಶರಬತ್ತು, ಅಜೀರ್ಣಕ್ಕೆ ಪುನರ್ಪುಳಿ ಸಾರು, ಹಿಮ್ಮಡಿ ಒಡೆದರೆ ಅದರ ಬೀಜದ ತುಪ್ಪ. ಒಣಗಿಸಿದ ಸಿಪ್ಪೆ ಅಜ್ಜಿಮನೆಯಿಂದ ಡಬ್ಬಿಯಲ್ಲಿ ಬರುತ್ತಿತ್ತು. ಮರ ಹೇಗಿರುತ್ತದೆ, ಹಣ್ಣು ಹೇಗಿರುತ್ತದೆ, ನಾನು ಕಂಡವಳಲ್ಲ. ಪುನರ್ಪುಳಿ ಅಂದರೆ ಡಬ್ಬಿಯಲ್ಲಿ ಬೆಳೆಯುವ ವಸ್ತು ಅಂತಲೇ ಬಹಳ ಕಾಲ ಅಂದುಕೊಂಡಿದ್ದೆ.

ಎಪ್ಪತ್ತರ ದಶಕ ಮುಗಿಯುತ್ತಾ ಬಂದಾಗ ನನಗೆ ಸಾಗರಕ್ಕೆ ಮದುವೆಯಾಯಿತು. ನಮ್ಮನೆಯವರು ಅಲ್ಲಿ ಹೈಸ್ಕೂಲಿನಲ್ಲಿ ಸೈನ್ಸ್ ಮೇಷ್ಟ್ರು. ಪೇಟೆಯ ಒಂದು ಓಣಿಯಲ್ಲಿ ಬಾಡಿಗೆ ಮನೆ. ಜೊತೆಗೆ ಅತ್ತೆ, ವರದಮೂಲದ ಕಡೆಯವರು. ನಾವೂ ಹವ್ಯಕರೇ, ಅವರೂ ಹವ್ಯಕರೇ. ಆದರೆ ಅವರ ಮಾತು ಅರ್ಥವಾಗಲಿಕ್ಕೆ ನನಗೆ ಆರು ತಿಂಗಳು ಬೇಕಾಯಿತು. ಅಮ್ಮ ಬಚ್ಚಂಗಾಯಿ ಅನ್ನುವುದು ಇಲ್ಲಿ ಕಲ್ಲಂಗಡಿ, ನಮ್ಮ ಚಕ್ಕೋತ ಇಲ್ಲಿ ಸಕ್ಕರೆಕಂಚಿ. ಅಡಿಗೆಮನೆಯಲ್ಲಿ ಏನಾದರೂ ತಾ ಅಂದರೆ ನಾನು ಮೊದಲು ಡಬ್ಬಿಗಳ ಮುಂದೆ ನಿಂತು ಯೋಚಿಸುವುದು, ಆಮೇಲೆ ತಪ್ಪಾದದ್ದನ್ನೇ ತರುವುದು. “ಅಡ್ಡಿಲ್ಲೆ, ಅದನ್ನೂ ತಾ,” ಅನ್ನುತ್ತಿದ್ದರು ಅತ್ತೆ. ಒಳ್ಳೆಯ ಹೆಂಗಸು.

ಮೊದಲ ಬಸುರು ನಿಲ್ಲಲಿಲ್ಲ. ಮೂರನೇ ತಿಂಗಳಿಗೇ ಹೋಯಿತು. ಅದರ ಬಗ್ಗೆ ಜಾಸ್ತಿ ಬರೆಯುವುದಿಲ್ಲ. ಕೋಣೆಯ ಮೂಲೆಯಲ್ಲಿ ಗೋಡೆ ಕಡೆ ತಿರುಗಿ ಮಲಗಿದ್ದೆ, ಅತ್ತೆ ಬಂದು ಕಾಲ ಹತ್ತಿರ ಕೂತಿದ್ದರು. ಅಷ್ಟೇ ನೆನಪು.

ವರ್ಷ ಕಳೆದು ಮತ್ತೆ ನಿಂತಾಗ ಎರಡೂ ಮನೆಯವರು ಎಚ್ಚೆತ್ತುಕೊಂಡರು. ಈ ಸಲ ಕೂಸು ಉಳಿಯಬೇಕು. ನನಗೆ ಬೇರೆ ಯಾವ ಆಸೆಯೂ ಇರಲಿಲ್ಲ, ಯಾರು ಏನು ಹೇಳಿದರೂ ಹೂಂ ಅನ್ನಲು ತಯಾರಿದ್ದೆ. ಹೇಳುವವರಿಗೇನು ಬರವೇ? ಪಪ್ಪಾಯಿ ಬೇಡ, ಅದು ಎಲ್ಲರಿಗೂ ಗೊತ್ತು. ಸಾಗರದ ಪೇಟೆ ತುಂಬ ಅನಾನಸು, ಅದರ ವಾಸನೆಯೂ ಬೇಡ, ಉಷ್ಣ. ಹಲಸು ವಾಯು. ಸೀತಾಫಲ ಶೀತ. ಜೋಡಿ ಬಾಳೆಹಣ್ಣು ತಿಂದರೆ ಅವಳಿ. ಎದುರುಮನೆಯಾಕೆ ಕಿತ್ತಳೆ ತಿಂದರೆ ಮಗು ಬೆಳ್ಳಗಾಗುತ್ತದೆ ಅಂದರೆ, ಪಕ್ಕದಮನೆಯಾಕೆ ಮಗುವಿಗೆ ಶೀತ ಹಿಡಿಯುತ್ತದೆ ಅಂದರು. ಬೆಳ್ಳಗಿನ ನೆಗಡಿ ಕೂಸು ಹುಟ್ಟಬಹುದು ಅಂತ ಲೆಕ್ಕ ಹಾಕಿ ನಾನು ಅರ್ಧ ಕಿತ್ತಳೆ ತಿಂದೆ. ನಮ್ಮನೆಯವರನ್ನು ಕೇಳಿದರೆ ಎಲ್ಲ ಹಣ್ಣಿಗೂ ಒಂದೇ ಉತ್ತರ. “ಅದರಲ್ಲಿ ವಿಟಮಿನ್ ಸಿ ಇರ್ತು,” ಅಂತ ಪೇಪರಿನಿಂದ ಕಣ್ಣು ಕೂಡ ತೆಗೆಯುತ್ತಿರಲಿಲ್ಲ.

ಅತ್ತೆ ಮಾತ್ರ ಇಷ್ಟೆಲ್ಲ ಹೇಳುವವರಲ್ಲ. ಅವರದು ಒಂದೇ ಮಾತು.

“ಕೂಸೇ, ಬಾಕಿ ಎಂತ ಬೇಕಾರೂ ತಿನ್ನು. ಮುರುಗಲು ಮಾತ್ರ ಮುಟ್ಟಡ.”

“ಎಂತಕ್ಕೆ ಅತ್ತೆ?”

“ಮುಟ್ಟಡ ಹೇಳಿದ್ರೆ ಮುಟ್ಟಡ.”

ಆ ಹೆಸರು ಹೇಳುವಾಗ ಅವರ ದನಿ ಇಳಿಯುತ್ತಿತ್ತು. ಆ ಮನೆಯಲ್ಲಿ ಮುರುಗಲ ಸಿಪ್ಪೆ ಇರಲಿಲ್ಲ, ಅದರ ಸಾರು ಮಾಡುತ್ತಿರಲಿಲ್ಲ, ಯಾರಾದರೂ ತಂದುಕೊಟ್ಟರೆ ಹೊಸ್ತಿಲ ಆಚೆಯಿಂದಲೇ ವಾಪಸ್ಸು. ಹಾಗಾಗಿ ಮುರುಗಲು ಅಂದರೇನು ಅಂತ ನೋಡುವ ಯೋಗವೂ ನನಗೆ ಬರಲಿಲ್ಲ. ಮೈಮೇಲೆ ಮುಳ್ಳಿರುವ, ಕಪ್ಪಗಿನ, ಕಾಡಿನ ಒಳಗೆಲ್ಲೋ ಬಿಡುವ ಒಂದು ಕಾಯಿ ಅಂತ ನಾನೇ ಚಿತ್ರ ಬರೆದುಕೊಂಡಿದ್ದೆ. ಹೊಟ್ಟೆಯಲ್ಲಿರುವ ಕೂಸಿಗೂ ಹೇಳುತ್ತಿದ್ದೆ, ಹೆದರಬೇಡ ಪುಟ್ಟಾ, ನಾನು ಮುರುಗಲು ಮುಟ್ಟುವುದಿಲ್ಲ ಅಂತ.

ಅತ್ತ ಅಮ್ಮ ಸುಮ್ಮನಿರುತ್ತಾಳೆಯೇ? ಸಕ್ಕರೆ ಪಾಕದಲ್ಲಿ ಪುನರ್ಪುಳಿ ಹಾಕಿ, ಜೀರಿಗೆ ಕುಟ್ಟಿ ಸೇರಿಸಿ, ಕಂದು ಬಣ್ಣದ ಟಾನಿಕ್ ಬಾಟಲಿಗೆ ತುಂಬಿ, ಬಿರಡೆ ಒತ್ತಿ, ತೀರ್ಥಹಳ್ಳಿಯಿಂದ ಸಾಗರಕ್ಕೆ ಬರುವ ಬಸ್ಸಿನ ಕಂಡಕ್ಟರ್ ಕೈಲಿ ಕಳಿಸಿದಳು. ಅವನ ಬಾಯಲ್ಲೇ ಸಂದೇಶವನ್ನೂ ಕಳಿಸಿದ್ದಳು. “ದಿನಾ ಒಂದು ಲೋಟ ಕುಡಿಬೇಕಂತೆ. ಹೊಟ್ಟೆ ತಂಪಾಗಿದ್ರೆ ಕೂಸು ನಿಲ್ತದಂತೆ. ಹೆದರಬಾರದಂತೆ.” ಬಸ್‌ಸ್ಟ್ಯಾಂಡಿನಲ್ಲಿ ಜನರೆಲ್ಲ ತಿರುಗಿ ನೋಡುವ ಹಾಗೆ ಅವನು ಒದರಿದ್ದಕ್ಕೆ ನಮ್ಮನೆಯವರು ಕಿವಿಯವರೆಗೂ ಕೆಂಪಾಗಿ ಮನೆಗೆ ಬಂದರು.

ಬಸ್ಸಿನಲ್ಲಿ ನಾಲ್ಕು ಜನ ಮುಟ್ಟಿದ ಬಾಟಲಿ ಅತ್ತೆಯ ಅಡಿಗೆಮನೆಗೆ ಬರುವ ಹಾಗಿಲ್ಲ, ಮಡಿ. ನಡುಮನೆಯ ಕಿಟಕಿಯ ಮೇಲಿಟ್ಟೆ. ಅತ್ತೆ ಹಿಟ್ಟು ರುಬ್ಬುತ್ತ ಒಳಗಿನಿಂದಲೇ ಕೇಳಿದರು.

“ಎಂತದೇ ಅದು ಬಾಟ್ಲಿ?”

“ಅಮ್ಮ ಕಳಿಸಿದ್ದು ಅತ್ತೆ. ಪುನರ್ಪುಳಿ.”

“ಎಂತ? ಪುನರ್ನವಾನಾ?” ರುಬ್ಬುವ ಕಲ್ಲು ನಿಂತಿತು. “ಅದು ರಾಶಿ ಚೊಲೋದು. ಕಾಲು ಬಾತಿದ್ದಕ್ಕೂ ಆಗ್ತು. ಹೆಸರಲ್ಲೇ ಇದ್ದು ನೋಡು, ಪುನಃ ಹೊಸದಾಗಿ ಬತ್ತು ಹೇಳಿ. ಕುಡಿ, ಕುಡಿ.”

ಪುನರ್ನವಾ ಅಂದರೆ ನೆಲಕ್ಕೆ ಹಬ್ಬುವ ಒಂದು ಬಳ್ಳಿ, ಅದರ ಬೇರಿನ ಕಷಾಯ ಮಾಡುತ್ತಾರೆ ಅಂತ ಈಗ ನನಗೆ ಗೊತ್ತು. ಆಗ ಗೊತ್ತಿರಲಿಲ್ಲ. ಬಚ್ಚಂಗಾಯಿ ಕಲ್ಲಂಗಡಿಯಾದ ಊರಲ್ಲಿ ಪುನರ್ಪುಳಿ ಪುನರ್ನವಾ ಆಗಿರಬಹುದು ಅಂದುಕೊಂಡು “ಹೂಂ ಅತ್ತೆ” ಅಂದೆ. ಅಂದಿನಿಂದ ದಿನಾ ಒಂದು ಲೋಟ. ಅತ್ತೆಯೇ ನೆನಪಿಸುವುದು, “ಪುನರ್ನವಾ ಕುಡಿದ್ಯನೇ?” ಅಂತ. ಒಂದು ಬಾಟಲಿ ಮುಗಿಯುವಷ್ಟರಲ್ಲಿ ಇನ್ನೊಂದು ಬಸ್ಸಿನಲ್ಲಿ ಬಂದಿರುತ್ತಿತ್ತು.

ನಡುವೆ ಒಮ್ಮೆ ಹೊಸನಗರಕ್ಕೂ ಹೋಗಿ ಬಂದೆವು. ಅಲ್ಲೊಬ್ಬರು ಪಂಡಿತರು, ನಾಡಿ ನೋಡುವುದರಲ್ಲಿ ಹೆಸರಾದವರು. ಅತ್ತೆ ಅವರ ಎದುರು ಕೂತು ಮೊದಲನೆಯದು ಹೋದ ಕಥೆ ಹೇಳಿದರು. ಪಂಡಿತರು ನನ್ನ ಕೈ ಹಿಡಿದು ಕಣ್ಣು ಮುಚ್ಚಿ, ಎಷ್ಟೋ ಹೊತ್ತಿನ ಮೇಲೆ ಕಣ್ಣು ತೆರೆದು, “ವೃಕ್ಷಾಮ್ಲ ಕೊಡಿ,” ಅಂದರು. “ಕಾಯಿ ಆಗಬಾರದು. ಕಾಯಿ ಉಷ್ಣ, ಪಿತ್ತ ಕೆರಳಿಸ್ತದೆ. ಹಣ್ಣೇ ಆಗಬೇಕು. ಹಣ್ಣು ಗ್ರಾಹಿ. ಅಂದ್ರೆ ಹಿಡಿದು ನಿಲ್ಲಿಸ್ತದೆ.” ಅತ್ತೆ ಎಲ್ಲ ತಿಳಿದವರ ಹಾಗೆ ತಲೆಯಾಡಿಸಿದರು. ಬಸ್ಸಿನಲ್ಲಿ ನಾನು ಮೆಲ್ಲಗೆ ಕೇಳಿದೆ.

“ಅತ್ತೆ, ವೃಕ್ಷಾಮ್ಲ ಅಂದ್ರೆ ಎಂತದು?”

“ಕಾಶಿ ಕಡೆ ಬೆಳಿತು ಕಾಣ್ತು,” ಅಂದರು ಅತ್ತೆ.

ಸಾಗರದ ಗ್ರಂಧಿಗೆ ಅಂಗಡಿಯವನನ್ನು ಕೇಳಿದರೆ ಅವನು ಒಂದು ಕ್ಷಣವೂ ತಡೆಯದೆ, “ಖಾಲಿಯಾಗಿದೆ, ಮುಂದಿನ ವಾರ ಬರ್ತದೆ,” ಅಂದ. ಮುಂದಿನ ವಾರವೂ ಅದನ್ನೇ ಅಂದ. ಮೊನ್ನೆ ಮಗಳ ಪ್ಯಾಕೆಟ್ಟಿನ ಹಿಂಭಾಗವನ್ನು ಕನ್ನಡಕ ಹಾಕಿಕೊಂಡು ಓದಿದೆ. ಸಣ್ಣ ಅಕ್ಷರದಲ್ಲಿ, ಸಂಸ್ಕೃತದಲ್ಲಿ ಇದಕ್ಕೆ ವೃಕ್ಷಾಮ್ಲ ಎನ್ನುತ್ತಾರೆ ಅಂತಿತ್ತು. ನನಗೆ ನಗು ತಡೆಯಲಾಗಲಿಲ್ಲ. ಮಗಳು, ಅಮ್ಮನಿಗೇನಾಯಿತು ಅಂತ ನೀರು ತಂದುಕೊಟ್ಟಳು.

ಅಂತೂ ಆ ದಿನಗಳಲ್ಲಿ ನನ್ನ ಪರಿಸ್ಥಿತಿ ಹೀಗಿತ್ತು: ಮುರುಗಲು ಮುಟ್ಟುತ್ತಿರಲಿಲ್ಲ, ವೃಕ್ಷಾಮ್ಲ ಸಿಗುತ್ತಿರಲಿಲ್ಲ, ಪುನರ್ನವಾ ಅಂತ ಪುನರ್ಪುಳಿ ಕುಡಿಯುತ್ತಿದ್ದೆ. ಅತ್ತ ದರಿ ಇತ್ತ ಪುಲಿ ಅನ್ನುತ್ತಾರೆ. ನನಗೆ ಅತ್ತಲೂ ಪುಳಿ, ಇತ್ತಲೂ ಪುಳಿ.

ಆರು ತಿಂಗಳು ತುಂಬಿ ಏಳಕ್ಕೆ ಬಿದ್ದಿತ್ತು. ಬೇಸಗೆಯ ಒಂದು ಮಧ್ಯಾಹ್ನ. ಅತ್ತೆ ಹಿತ್ತಲಲ್ಲಿ ಹಪ್ಪಳ ಒಣಹಾಕುತ್ತಿದ್ದರು. ನಾನು ನಡುಮನೆಯಲ್ಲಿ ನೆಲದ ಮೇಲೆ ಕೂತು, ಹೊಸದಾಗಿ ಬಂದ ಬಾಟಲಿಯನ್ನು ಮಡಿಲಲ್ಲಿಟ್ಟುಕೊಂಡು ಬಿರಡೆ ಎಳೆಯುತ್ತಿದ್ದೆ. ಕಿಟಕಿಯ ಬಿಸಿಲಿಗೆ ಒಳಗಿನ ಪಾಕ ಹುಳಿತು ಉಬ್ಬಿದ್ದು ನನಗೇನು ಗೊತ್ತು? ಬಿರಡೆ ಟಪ್ ಅಂತ ಮಾಡಿಗೆ ಹಾರಿತು. ಬಾಟಲಿ ಉಕ್ಕಿ ಉಕ್ಕಿ ಮಡಿಲೆಲ್ಲ ಕೆಂಪು. ಉಟ್ಟಿದ್ದು ತೆಳು ಹಳದಿ ವಾಯಿಲ್ ಸೀರೆ. ಸೀರೆಯಿಂದ ಇಳಿದು ನೆಲದ ಮೇಲೂ ಕೆಂಪು ಹರಿಯಿತು. ಬಾಟಲಿ ಕೈಜಾರಿ ಮಂಚದ ಕೆಳಗೆ ಉರುಳಿಹೋಯಿತು. ನಾನು ಬೆಚ್ಚಿ “ಅಯ್ಯಮ್ಮಾ” ಅಂತ ಕೂಗಿದ್ದು ಕೇಳಿ ಅತ್ತೆ ಹಿತ್ತಲಿಂದ ಓಡಿಬಂದರು.

ಬಾಗಿಲಲ್ಲಿ ನಿಂತು ನನ್ನ ಮಡಿಲು ನೋಡಿದರು. ಹಿಟ್ಟಿನ ಕೈ ಎದೆಯ ಮೇಲೆ ಹೋಯಿತು.

“ಅಯ್ಯೋ ದೇವ್ರೇ! ಪುನಃ ಆತನೇ?”

ಹೊಸ್ತಿಲ ಮೇಲೆ ಕೂರಬಾರದು ಅಂತ ದಿನಕ್ಕೆ ನಾಲ್ಕು ಸಲ ಬೈಯುವ ಅತ್ತೆ, ಹೊಸ್ತಿಲ ಮೇಲೇ ಕುಸಿದು ಕೂತರು. ಅವರ ಮುಖ ನೋಡಿ ನನಗೂ ಜೀವ ಹಾರಿತು. ಏನಾಯಿತು ಅಂತ ಗೊತ್ತಿದ್ದ ನಾನೇ ಒಂದು ಗಳಿಗೆ ಇದು ರಕ್ತವೇ ಇರಬಹುದು ಅಂದುಕೊಂಡುಬಿಟ್ಟೆ.

“ಅಲ್ಲ ಅತ್ತೆ! ಅಲ್ಲ, ಅಲ್ಲ! ರಕ್ತ ಅಲ್ಲ, ಪುನರ್ಪುಳಿ! ಬಾಟ್ಲಿ ಉಕ್ಕಿದ್ದು!”

ಅವರಿಗೆ ನಂಬಿಕೆ ಬರಲಿಲ್ಲ. ಹಾಗೇ ಮೊಣಕಾಲಲ್ಲಿ ತೆವಳಿಕೊಂಡು ಬಂದು ನನ್ನ ಸೀರೆ ಹಿಡಿದರು. ಕೈಗೆ ಅಂಟು. ಮೂಗಿಗೆ ಹಿಡಿದರು. ಆಮೇಲೆ ಮಡಿ, ಮೈಲಿಗೆ ಎಲ್ಲ ಮರೆತು ಬೆರಳನ್ನು ನಾಲಿಗೆಗೆ ಮುಟ್ಟಿಸಿದರು. ಅಲ್ಲೇ ಕಣ್ಣು ಮುಚ್ಚಿಕೊಂಡರು.

“ಇದು ಮುರುಗಲು,” ಅಂದರು.

ನನಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು. “ಇಲ್ಲ ಅತ್ತೆ, ಪುನರ್ಪುಳಿ. ನೀವೇ ಹೇಳಿದ್ರಲ್ಲ, ಪುನರ್ನವಾ…” ಅಂತ ತೊದಲಿದೆ. ಯಾವ ಹೆಸರು ಹೇಳಿದರೆ ಬಚಾವಾಗುತ್ತೇನೆ ಅಂತ ತಿಳಿಯದೆ ಎಲ್ಲ ಹೆಸರನ್ನೂ ಹೇಳಿದೆ.

“ಯಾವಾಗಿಂದ ಕುಡಿತಾ ಇದ್ದೆ?”

“ಮೂರು ತಿಂಗಳಾಯ್ತು.”

“ದಿನಾನೂ?”

“ದಿನಾನೂ. ನೀವೇ ಕುಡಿ ಅಂತ…”

“ಹೊಟ್ಟೆನೋವು? ಎಂತಾರೂ ಆತ?”

“ಎಂತೂ ಆಗಿಲ್ಲ ಅತ್ತೆ. ಈಗ ನೋಡಿ ಒದಿತಾ ಇದೆ.”

ಅತ್ತೆ ಕೆಂಪಾದ ಕೈಯನ್ನೇ ನನ್ನ ಹೊಟ್ಟೆಯ ಮೇಲಿಟ್ಟರು. ಒಳಗಿನ ಹುಡುಗಿ ಬಾಟಲಿಯ ಸದ್ದಿಗೆ ಎಚ್ಚರವಾಗಿದ್ದಳೋ ಏನೋ, ಚೆನ್ನಾಗಿಯೇ ಒದ್ದಳು. ಅತ್ತೆ ಕೈ ತೆಗೆಯಲಿಲ್ಲ. ಕೈಯಿಟ್ಟುಕೊಂಡೇ, ನನ್ನ ಮುಖ ನೋಡದೆ, ನೆಲದ ಮೇಲಿನ ಕೆಂಪನ್ನು ನೋಡುತ್ತ ತಮ್ಮ ಕಥೆ ಹೇಳಿದರು.

“ನಿನ್ನ ಗಂಡಂಗಿಂತ ಮುಂಚೆ ಯಂಗೆ ಒಂದು ನಿಂತಿತ್ತು. ವರದಮೂಲದ ಮನೆಗೆ ಹೋಗಿದ್ದಿ. ಹುಳಿ ಬಯಕೆ ನೋಡು, ಹಿತ್ಲಲ್ಲಿ ಮುರುಗಲು ಹಣ್ಣಾಗಿ ಉದುರ್ತಾ ಇತ್ತು. ಮಡಿಲು ತುಂಬ ಆರಿಸ್ಕ್ಯಂಡು ತಿಂದಿ. ಸೀರೆಯೆಲ್ಲ ಹಿಂಗೇ ಕೆಂಪು. ಮಾರನೇ ದಿನ ಹೋತು. ಸೀರೆ ಮೇಲೆ ಯಾವ ಕೆಂಪು ಯಾವುದು ಹೇಳಿ ಗೊತ್ತಾಗ್ತಾ ಇತ್ತಿಲ್ಲೆ. ನಮ್ಮತ್ತೆ, ಹಣ್ಣಲ್ದೇ ನೀನು ತಿಂದಿದ್ದು, ಕೂಸನ್ನೇ ತಿಂದ್ಕಂಡೆ, ಅಂದ್ರು.”

ಹೊರಗೆ ಹಪ್ಪಳಕ್ಕೆ ಕಾಗೆ ಬಂದಿತ್ತು. ಇಬ್ಬರೂ ಏಳಲಿಲ್ಲ.

“ಹಂಗಾರೆ,” ಅಂದರು ಅತ್ತೆ. ಈಗ ನನ್ನ ಮುಖ ನೋಡಿದರು. “ಹಂಗಾರೆ, ಆನು ತಿಂದಿದ್ದಕ್ಕಲ್ದನೇ?”

ಇಂಥ ಪ್ರಶ್ನೆಯನ್ನು ನನ್ನನ್ನು ಕೇಳಬಹುದೇ? ಬಚ್ಚಂಗಾಯಿ ಯಾವುದು, ಕಲ್ಲಂಗಡಿ ಯಾವುದು ಅಂತ ತಿಳಿಯದವಳನ್ನು? ಕಾಯಿ ಉಷ್ಣ, ಹಣ್ಣು ಗ್ರಾಹಿ, ವಿಟಮಿನ್ ಸಿ, ಎಲ್ಲ ತಲೆಯಲ್ಲಿ ಒಟ್ಟಿಗೆ ತಿರುಗಿತು. ಯಾವುದೂ ಉಪಯೋಗಕ್ಕೆ ಬರಲಿಲ್ಲ. ನನ್ನ ಮೊದಲನೆಯದು ಯಾಕೆ ಹೋಯಿತು ಅಂತಲೇ ನನಗೆ ಗೊತ್ತಿರಲಿಲ್ಲ. ಆಗ ನಾನು ತಿನ್ನಬಾರದ್ದೇನೂ ತಿಂದಿರಲಿಲ್ಲ.

“ಅಲ್ಲ ಅತ್ತೆ,” ಅಂದೆ. “ನೀವು ತಿಂದಿದ್ದಕ್ಕಲ್ಲ.”

ಅತ್ತೆ ಬಾಯಿಗೆ ಸೆರಗು ಒತ್ತಿಕೊಂಡು ಅತ್ತರು. ನಾನೂ ಅತ್ತುಬಿಟ್ಟೆ. ಎಷ್ಟು ಹೊತ್ತೋ. ಆಮೇಲೆ ಅವರೇ ಎದ್ದು, ಬಕೆಟ್ ತಂದು ನೆಲ ಒರೆಸಿ, ನನ್ನ ಕೈ ಹಿಡಿದು ಎಬ್ಬಿಸಿದರು. “ಸೀರೆ ನೆನೆಸಿಡು. ಕಲೆ ಹೋಗ್ತಿಲ್ಲೆ ಅದು,” ಅಂದರು. ಮಂಚದ ಕೆಳಗಿಂದ ಬಾಟಲಿ ಹೆಕ್ಕಿ, ಉಳಿದಿದ್ದನ್ನು ಮೂಸಿ ನೋಡಿ ಹಿತ್ತಲಿಗೆ ಚೆಲ್ಲಿದರು. ನಾನು ಇನ್ನು ಇದರ ಕಥೆ ಮುಗಿಯಿತು ಅಂದುಕೊಂಡೆ.

“ಇದು ಹುಳಿತಿದ್ದು,” ಅಂದರು ಅತ್ತೆ. “ನಿನ್ನ ಅಮ್ಮಂಗೆ ಬೇರೆ ಕಳ್ಸಲೆ ಹೇಳು. ಪುನರ್ಪುಳಿ ಆದ್ರೆ ಅಡ್ಡಿಲ್ಲೆ, ಕುಡಿ. ಮುರುಗಲು ಮಾತ್ರ ಮುಟ್ಟಡ.”

ಈಗಷ್ಟೇ ತಾವೇ ನಾಲಿಗೆಗೆ ಮುಟ್ಟಿಸಿ ಹೇಳಿದವರು! ಮರೆತರೇ? ಪರೀಕ್ಷೆ ಮಾಡುತ್ತಿದ್ದಾರೆಯೇ? ಅಥವಾ ನನ್ನ ಮಾತನ್ನು ನಂಬಲಿಲ್ಲವೇ? ನಂಬದಿದ್ದರೆ ಕುಡಿ ಅಂತ ಯಾಕೆ ಹೇಳಿದರು? ಈಗಲೂ ನನಗೆ ಅರ್ಥವಾಗಿಲ್ಲ. “ಹೂಂ ಅತ್ತೆ,” ಅಂದೆ.

ಮಗಳು ಹುಟ್ಟಿದ್ದು ತವರಿನಲ್ಲಿ. ಗಟ್ಟಿ ಕೂಸು, ಊರೆಲ್ಲ ಕೇಳುವ ಹಾಗೆ ಅಳುತ್ತಿದ್ದಳು. ನಾಮಕರಣಕ್ಕೆ ಅತ್ತೆ ತೀರ್ಥಹಳ್ಳಿಯಲ್ಲಿ ಬಸ್ಸು ಬದಲಿಸಿ ಬಂದರು. ಬಂದವರಿಗೆ ಅಮ್ಮ ಬೆಲ್ಲ ನೀರಿನ ಬದಲು ಪುನರ್ಪುಳಿ ಶರಬತ್ತು ಕೊಡುತ್ತಿದ್ದಳು. ಒಬ್ಬೊಬ್ಬರ ಕೈಗೂ ಲೋಟ ಕೊಡುವಾಗ, ಕೂಸು ಉಳಿದಿದ್ದು ಇದರಿಂದಲೇ ಅಂತ ಹೇಳಿಯೇ ಕೊಡುವುದು. ಅತ್ತೆಯ ಕಡೆಯ ಹೆಂಗಸರು ನಾಲ್ಕೈದು ಜನ ಬಂದಿದ್ದರು. ಅತ್ತೆ ಮುರುಗಲು ಮುಟ್ಟುವವರಲ್ಲ ಅಂತ ಅವರಿಗೆಲ್ಲ ಗೊತ್ತು, ಯಾಕೆ ಅಂತಲೂ ಗೊತ್ತು. ಅವರು ಲೋಟದೊಳಗೆ ನೋಡಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನಾನು ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ನೋಡುತ್ತ ಕೂತಿದ್ದೆ. ಅಮ್ಮ ಅತ್ತೆಯ ಮುಂದೆ ಬಂದು ಲೋಟ ಹಿಡಿದಳು.

ಅತ್ತೆ ಲೋಟ ತೆಗೆದುಕೊಂಡರು. ಒಂದು ಸಲಕ್ಕೇ, ಕೆಳಗಿಡದೆ, ಪೂರ್ತಿ ಕುಡಿದರು. ಸೆರಗಲ್ಲಿ ಬಾಯೊರೆಸಿಕೊಂಡು, ಎಲ್ಲರಿಗೂ ಕೇಳುವ ಹಾಗೆ ಹೇಳಿದರು.

“ಅತ್ತಿಗೆ, ಇನ್ನೊಂದು ಲೋಟ ಕೊಡಿ. ನಿಮ್ಮ ಪುನರ್ಪುಳಿ ರಾಶಿ ಚೊಲೋ ಇದ್ದು. ಯಂಗ್ಳ ಕಡೆ ಈ ಹಣ್ಣೇ ಇಲ್ಲೆ.”